ಕುತ್ತಿಗೆಯವರೆಗಿನ ಮೀಟಿಂಗು

ನನ್ನ ಸೋದರಮಾವನ ಪ್ರಕಾರ "ಚೆನ್ನಾಗಿದ್ದೀರಾ?" ಎಂದು ಕೇಳುವುದೆಂದರೆ ಎದುರಿನವರ ಇಪ್ಪತ್ತು ಸೆಕೆಂಡು ಕದ್ದಂತೆ. ಇಪ್ಪತ್ತೇ ಯಾಕೆ ಅಂತೀರಾ? ಅಳೆದಿದ್ದಾರೆ! ಅಳೆದದ್ದನ್ನು ಡೈರಿಯಲ್ಲಿ ಬರೆದುಕೊಂಡವಳು ನಾನು.

೨೦೧೫ರಲ್ಲಿ ಸ್ಟಾಕ್‌ಹೋಮಿನಲ್ಲಿ ಓದುತ್ತ ಅವರ ಮನೆಯಲ್ಲೇ ಇದ್ದೆ. ಮಾವನ ಆಫೀಸು ಅದೇ ಊರಿನ ಕಿಸ್ಟಾದಲ್ಲಿ. ಅವರಿಗೆ ಕೆಲಸ ಕೊಡುವ ಲಾರ್ಸ್ ಗೋಥೆನ್‌ಬರ್ಗಿನ ಲಿಂಡ್‌ಹೋಲ್ಮೆನ್‌ನಲ್ಲಿ. ತಿಂಗಳಿಗೊಮ್ಮೆ ಮೂರು ತಾಸು ರೈಲಿನಲ್ಲಿ ಹೋಗಿ, ಒಂದು ತಾಸು ಫೀಕಾ, ಅಂದರೆ ಕಾಫಿ, ಬನ್ನು, ಹರಟೆ ಮುಗಿಸಿ, ಹತ್ತು ನಿಮಿಷ ಮೀಟಿಂಗ್ ಮಾಡಿ ಬರುತ್ತಿದ್ದರು.

"ಹತ್ತು ನಿಮಿಷದ ಕೆಲಸಕ್ಕೆ ಒಂದು ದಿನ. ನಮ್ಮೂರ ತಾಲ್ಲೂಕು ಆಫೀಸೇ ವಾಸಿ ಕಣೇ," ಎಂದವರು ಫೆಬ್ರವರಿಯಲ್ಲಿ ಎಲ್ಲವನ್ನೂ ಮನೆಯಿಂದಲೇ ಮಾಡುವ ವಾರಕ್ಕೊಂದು ವಿಡಿಯೋ ಕರೆಗೆ ಇಳಿಸಿದರು. ಫೀಕಾ ರದ್ದು. ಕುಶಲಪ್ರಶ್ನೆ ರದ್ದು. ಮೇಲೆ ಇಸ್ತ್ರಿ ಶರಟು, ಕೆಳಗೆ ಪಂಚೆ. ಒಮ್ಮೆ ನಡುವೆ ನಮ್ಮ ಕುಕ್ಕರ್ ಕೂಗಿತು. "ಫೈರ್ ಅಲಾರಂ?" ಎಂದು ಲಾರ್ಸ್ ಗಾಬರಿಯಾದರು. "ಬೇಳೆ," ಎಂದು ಮಾವ ಮುಂದಿನ ವಿಷಯಕ್ಕೆ ಹೋದರು.

ಮಾರ್ಚಿನಿಂದ ಮೂರು ತಿಂಗಳು ಲಾರ್ಸ್ ಬದಲಿಗೆ ಸಹಾಯಕರೊಬ್ಬರು ಬಂದರು. "ಈ ಜನಕ್ಕೆ ರಜೆಯೇ ರಜೆ," ಎಂದರು ಮಾವ. ಯಾಕೆಂದು ಕೇಳಲಿಲ್ಲ.

ವರ್ಷದ ಕೊನೆಗೆ ಮಾವನ ಕಾಂಟ್ರಾಕ್ಟ್ ಮುಗಿಯುವುದಿತ್ತು. ಲಾರ್ಸ್ ಸಹಿ ಹಾಕದಿದ್ದರೆ ಗಂಟುಮೂಟೆ ಕಟ್ಟಿ ಬೆಂಗಳೂರಿಗೆ. ಕೇಳಿದರೆ, "ಒಮ್ಮೆ ಎದುರು ಕೂತು ಮಾತಾಡೋಣ," ಎಂದರಂತೆ. "ಹೋಯ್ತು ಅಂತಲೇ ಅರ್ಥ," ಎಂದ ಮಾವ, ಒಬ್ಬರೇ ಹೋಗಲು ಧೈರ್ಯ ಸಾಲದೆ, ನವೆಂಬರ್ ಆರರಂದು ನನ್ನನ್ನೂ ರೈಲು ಹತ್ತಿಸಿದರು.

ಲಿಂಡ್‌ಹೋಲ್ಮೆನ್‌ನಲ್ಲಿ ಲಾರ್ಸ್ ಗಾಲಿಕುರ್ಚಿಯಲ್ಲಿ ಬಂದರು.

"ಇದು... ಯಾವಾಗ?" ಎಂದರು ಮಾವ.

"ಮಾರ್ಚಲ್ಲಿ. ಸ್ಕೀ ಮಾಡ್ತಾ ಬಿದ್ದು ಬೆನ್ನುಹುರಿಗೆ ಪೆಟ್ಟಾಯ್ತು, ಕಾಲಲ್ಲಿ ಸ್ಪರ್ಶ ಇಲ್ಲ. ಹೇಳ್ಬೇಕು ಅಂದ್ಕೊಂಡೆ, ನಿಮ್ಮ ಅಜೆಂಡಾದಲ್ಲಿ ಜಾಗ ಇರ್ಲಿಲ್ಲ." ಲಾರ್ಸ್ ನಗುತ್ತಲೇ ಹೇಳಿದರು.

ಆಸ್ಪತ್ರೆಯಿಂದ ಬಂದ ಮೇಲೆ, ಬೇಸಿಗೆ ರಜೆ ಕಳೆದು, ಹದಿನೇಳು ಕರೆ! ಹದಿನೇಳು ಸಲ ಆ ಮುಖ ನಮ್ಮ ಅಡುಗೆಮನೆಯ ಮೇಜಿನ ಮೇಲಿತ್ತು. ನಾವು ಕಂಡದ್ದು ಕುತ್ತಿಗೆಯವರೆಗೆ.

ಲಾರ್ಸ್‌ರ ಒಂದು ಶೂ ಲೇಸು ಬಿಚ್ಚಿಕೊಂಡು ಗಾಲಿಗೆ ತಾಗುತ್ತಿತ್ತು. ಮಾವ ರಿಸೆಪ್ಷನ್ ಎದುರೇ ಮಂಡಿಯೂರಿ ಅದನ್ನು ಕಟ್ಟಿದರು. ಗಂಟು ಎರಡು ಸಲ ತಪ್ಪಿತು. ಆಮೇಲೆ ಸಂಜೆಯವರೆಗೂ ಅವರಿಬ್ಬರೂ ಕೂತು ಮಾತಾಡಿದರು.

ವಾಪಸು ರೈಲಿನಲ್ಲಿ ನನಗೆ ನೆನಪಾಯಿತು. "ಮಾವ, ಕಾಂಟ್ರಾಕ್ಟ್ ವಿಷ್ಯ ಕೇಳೋದೇ ಮರೆತ್ರಲ್ಲ?"

ಮಾವ ಕಿಟಕಿಯಿಂದ ತಿರುಗಲಿಲ್ಲ.

"ಲೇಸು ಬಿಗಿಯಾಯ್ತೇನೋ ಕಣೇ," ಎಂದರು. "ಬಿಗಿಯಾದ್ರೆ ಅವ್ರಿಗೆ ಗೊತ್ತಾಗತ್ತೋ ಇಲ್ವೋ."