ಹಾಲ್‌ನಲ್ಲಿ ಠಿಕಾಣಿ ಹೂಡಿದ ಎಂಜಿನ್ನು

ಹದಿನಾಲ್ಕು ತಿಂಗಳು ತುಂಬಿದರೂ ಹಿತಾ ಎದ್ದು ನಿಂತಿರಲಿಲ್ಲ. ಸಿಂಚನಳಿಗೆ ಹಗಲೂ ಇರುಳೂ ಅದೇ ಕೊರಗು. ಎದುರುಮನೆ ಸೌಮ್ಯಳ ಮಗ ಹಿತಾಳಿಗಿಂತ ಚಿಕ್ಕವನು. ಅವನಾಗಲೇ ಗೇಟು ಹಿಡಿದು ಓಡಾಡುತ್ತ ಸಿದ್ಧಾರ್ಥನಗರದ ಆ ರಸ್ತೆಯ ಸಮಸ್ತ ಮೇಲ್ವಿಚಾರಣೆ ವಹಿಸಿಕೊಂಡಿದ್ದ. ಡಾಕ್ಟರು "ಗಾಬರಿ ಬೇಡ, ಕಾಯಿರಿ" ಎಂದಿದ್ದರು. (ಕಾಯಿರಿ ಅನ್ನೋದಕ್ಕೆ ಅವರಿಗೇನು? ಅವರ ಮಕ್ಕಳು ನಡೆದುಕೊಂಡೇ ಹೋಗಿ ಮೆಡಿಕಲ್ ಕಾಲೇಜು ಸೇರಿಯಾಗಿದೆ.)

ಇಂಥ ಸಂಕಟದಲ್ಲಿ ಮಗುವಿನ ತಂದೆ ಎನಿಸಿಕೊಂಡ ವಾಗೀಶ ಏನು ಮಾಡುತ್ತಿದ್ದ? ಕಾರಿಗೆ ಹೃದಯ ಕಸಿ ಮಾಡಿಸುತ್ತಿದ್ದ! ಅವನ ಅಪ್ಪ ಬಿಟ್ಟುಹೋದ ಬೀಟಲ್ ಕಾರಿನ ಆಮೆಯಂಥ ಮೈಯೊಳಗೆ ಈ ಕಾಲದ ಬಾಕ್ಸರ್ ಎಂಜಿನ್ ಕೂರಿಸಬೇಕಂತೆ. ಭಾನುವಾರ ಬಂತೆಂದರೆ ಇಲವಾಲದ ಗ್ಯಾರೇಜು.

"ಹಳೇದೂ ಬಾಕ್ಸರೇ ಕಣೇ, ಗಾಳಿಗೆ ತಣ್ಣಗಾಗೋದು. ಹೊಸದು ನೀರಿಗೆ ತಣ್ಣಗಾಗುತ್ತೆ. ಪಿಸ್ಟನ್‌ಗಳು ಎದುರುಬದುರು ಮಲಕ್ಕೊಂಡು ಗುದ್ದಾಡ್ತವೆ" ಎಂದು ಅವನು ಕೈಮುಷ್ಟಿ ಆಡಿಸಿ ತೋರಿಸಿದ್ದ.

"ಗುದ್ದಾಟ ನೋಡೋಕೆ ಇಲವಾಲದ ತನಕ ಯಾಕ್ರೀ ಹೋಗ್ತೀರಾ? ಮನೇಲೇ ಶುರು ಮಾಡೋಣ."

ಕೊನೆಗೂ ಹೊಸ ಎಂಜಿನ್ ಕಾರಿನೊಳಗೆ ಹೋಯಿತು, ಸಂತೋಷ. ಹಳೆಯದು ಎಲ್ಲಿಗೆ ಹೋಗಬೇಕು? ಸಿಂಚನಳ ಮನೆಯ ಹಾಲ್‌ಗೆ! ಸೀಮೆಎಣ್ಣೆಯಲ್ಲಿ ಅಭ್ಯಂಜನ ಮಾಡಿಸಿಕೊಂಡು, ಬೆಳ್ಳಿ ಬಣ್ಣ ಬಳಿಸಿಕೊಂಡು, ಅಗಲವಾದ ಹಲಗೆಯ ಮೇಲೆ ಆರೂಢವಾಗಿ ಬಂದು ಕಿಟಕಿ ಪಕ್ಕ ಕೂತಿತು. "ಅಪ್ಪನ ನೆನಪು. ಮೇಲೊಂದು ಗಾಜು ಹಾಕಿಸಿದ್ರೆ ಟೀಪಾಯಿ" ಎಂದ ವಾಗೀಶ. ಅತ್ತೆ ಶಿವನಂಜಮ್ಮ ಅದಕ್ಕೆ ಅರಿಶಿನ ಕುಂಕುಮವಿಟ್ಟು ಹೂವನ್ನೂ ಮುಡಿಸಿದರು.

ಸಿಂಚನಳ ಕಣ್ಣಿಗೆ ಅದೊಂದು ಸಾಕ್ಷಾತ್ ಯಮಕಿಂಕರ. ಉರುಳಿಬಿದ್ದರೆ? ಆ ಲೋಹದ ಪಟ್ಟಿಗಳ ಸಂದಿಗೆ ಬೆರಳು ಸಿಕ್ಕಿಕೊಂಡರೆ? ಹಿತಾ ಅತ್ತ ಅಂಬೆಗಾಲಿಟ್ಟ ಸದ್ದು ಕೇಳಿದರೆ ಸಾಕು, ಅಡುಗೆಮನೆಯಿಂದಲೇ "ಹಿತಾ!" ಎಂದು ಬೀದಿ ನಡುಗುವಂತೆ ಕಿರುಚುತ್ತಿದ್ದಳು.

"ಅತ್ತೆ, ಇದು ಇಲ್ಲಿಂದ ಹೋಗ್ಬೇಕು."

"ಬುಡು ಕಣಮ್ಮ. ಅದೇನ್ ನಿನ್ನ ಹತ್ರ ಊಟ ಕೇಳ್ತದಾ? ಅದರ ಪಾಡಿಗೆ ಅದು ಕೂತದೆ."

"ನಿಮ್ಮ ಮಗನೂ ಹಂಗೇ ಕೂತಿರ್ತಾರೆ. ಹಾಲಲ್ಲಿ ಒಂದು ಸಾಕು."

ಶುಕ್ರವಾರ ತಾಯಿ ಮಗ ಇಬ್ಬರೂ ಹೊಸ ಎಂಜಿನ್ನಿಗೆ ಪೂಜೆ ಮಾಡಿಸಲು ಬೆಟ್ಟಕ್ಕೆ ಹೊರಟರು. ಸಿಂಚನ ಆ ಕಾರಿಗೆ ಕಾಲಿಡುವುದಿಲ್ಲವೆಂದು ಮನೆಯಲ್ಲೇ ಉಳಿದಳು. ಅವರು ತಿರುವು ದಾಟುವುದಕ್ಕೂ ಅವಳು ಫೋನ್ ಮಾಡಿ ಕರೆಸಿದ್ದ, ಹಳೇ ಪೇಪರ್ ಕೊಳ್ಳುವ ಗುಜರಿ ಸದಾಶಿವಯ್ಯನ ಗೂಡ್ಸ್ ಆಟೋ ಬರುವುದಕ್ಕೂ ಸರಿಹೋಯಿತು.

"ಯಜಮಾನ್ರು ಒಪ್ಪವ್ರಾ ತಾಯಿ?"

"ಈ ಮನೆ ಯಜಮಾನಿ ನಾನೇ. ಎತ್ರೀ!"

ಅವನೂ ಅವನ ಜೊತೆಯವನೂ ಏದುಸಿರು ಬಿಡುತ್ತ ಯಮಕಿಂಕರನನ್ನು ಆಟೋಗೆ ಏರಿಸಿದರು. ಹಿತಾ ಆಟೋ ಮರೆಯಾಗುವವರೆಗೂ ಅತ್ತಳು. ಸಿಂಚನ ಮಾತ್ರ ನೆಲ ಒರೆಸಿ, ಎಷ್ಟೋ ದಿನಗಳ ಮೇಲೆ ನೆಮ್ಮದಿಯಾಗಿ ಕಾಫಿ ಕುಡಿದಳು.

ಹೊಸ ಎಂಜಿನ್ನಿನ ಕಾರು ಕಳ್ಳಬೆಕ್ಕಿನಂತೆ ಸದ್ದಿಲ್ಲದೆ ಬಂದು ನಿಂತಿತು. ಪ್ರಸಾದ ಹಿಡಿದು ಒಳಬಂದ ಶಿವನಂಜಮ್ಮ ಕಿಟಕಿಯ ಕಡೆ ನೋಡಿ ಹಣೆ ಚಚ್ಚಿಕೊಂಡರು.

"ಅಯ್ಯೋ, ಇನ್ನು ಮಗು ಏನ್ ಹಿಡ್ಕಂಡು ನಿಂತ್ಕತ್ತದೆ?"

"ಯಾವ ಮಗು? ಎಲ್ಲಿ ನಿಂತ್ಕೊಳ್ಳತ್ತೆ?"

ವಾಗೀಶ ಫೋನ್ ತೆಗೆದು ವಿಡಿಯೋ ತೋರಿಸಿದ. ಹಿತಾ! ಎಂಜಿನ್ನಿನ ಪಟ್ಟಿಗಳಿಗೆ ಬೆರಳು ಸಿಕ್ಕಿಸಿ, ಪೃಷ್ಠ ಎತ್ತಿ, ನಿಂತೇಬಿಟ್ಟಿದ್ದಾಳೆ. ಒಂದು ಹೆಜ್ಜೆ ಪಕ್ಕಕ್ಕೂ ಸರಿದಿದ್ದಾಳೆ. ಅಷ್ಟರಲ್ಲಿ ವಿಡಿಯೋದಲ್ಲಿ "ಹಿತಾ!" ಎಂಬ ಆರ್ಭಟ, ಮಗು ತೊಪ್ಪೆಂದು ಕೂತಿತು. ಆ ಆರ್ಭಟ ಯಾರದೆಂದು ಕೇಳುವ ಅಗತ್ಯ ಸಿಂಚನಳಿಗೆ ಬೀಳಲಿಲ್ಲ.

"ನಂಗ್ಯಾಕ್ರೀ ಹೇಳ್ಲಿಲ್ಲ?"

"ಹೇಳಿದ್ರೆ ಅದರ ಹತ್ರ ಬಿಡ್ತಿದ್ಯಾ? ನಡೆಯೋದು ಕಲ್ತ ಮೇಲೆ ತೋರ್ಸೋಣ ಅಂದ್ರು ಅಮ್ಮ."

ಸಿಂಚನ ಮಗಳನ್ನು ಸೋಫಾಕ್ಕೆ ಆನಿಸಿ ನಿಲ್ಲಿಸಿದಳು, ಮಗು ಕಾಲು ಮಡಿಚಿಕೊಂಡಿತು. ಕುರ್ಚಿ ತಂದಳು, ಹಿತಾ ತಿರುಗಿಯೂ ನೋಡಲಿಲ್ಲ. ಕಿಟಕಿ ಪಕ್ಕದ ಖಾಲಿ ಜಾಗಕ್ಕೆ ಅಂಬೆಗಾಲಿಟ್ಟು ಹೋಗಿ, ಗಾಳಿಯಲ್ಲಿ ಎರಡೂ ಕೈ ಚಾಚಿ, ತುಟಿ ಸೊಟ್ಟ ಮಾಡಿದಳು.

ಸಿಂಚನ ಫೋನ್ ಎತ್ತಿಕೊಂಡಳು.

"ಸದಾಶಿವಯ್ಯನೋರೇ, ಆ ಎಂಜಿನ್ನ ಒಡೆದ್ಬುಟ್ರಾ?"

"ಇಲ್ಲ ತಾಯಿ, ಈಗ ಸುತ್ತಿಗೆ ಎತ್ಕಂಡೆ."

"ಇಳಿಸ್ರೀ ಕೆಳಗೆ! ಈಗಿಂದೀಗ್ಲೇ ವಾಪಸ್ ತನ್ನಿ."

ಬೆನ್ನ ಹಿಂದೆ ಗಂಡನೂ ಅತ್ತೆಯೂ ನಗು ತಡೆಯುತ್ತಿದ್ದದ್ದು ಕೇಳಿಸಿತು. ಅವಳು ಗೋಡೆಯ ಕಡೆ ಮುಖ ತಿರುಗಿಸಿ ದನಿ ತಗ್ಗಿಸಿದಳು.

"ಮತ್ತೆ... ಅಂಥದ್ದೇ ಇನ್ನೊಂದು ಇದ್ಯಾ ನಿಮ್ಮ ಹತ್ರ? ಇದ್ರೆ ಅದನ್ನೂ ಹಾಕ್ಕೊಂಡು ಬನ್ನಿ. ಇದ್ರಿಂದ ಅದಕ್ಕೆ ನಡೀಬೇಕಲ್ಲ ಮಗು."