ಅತ್ತೆಯ ಸಂಶೋಧನೆ, ಮಾವನ ಬೋಣಿ

ನಮ್ಮ ಸೋದರತ್ತೆ ಸ್ಕೂಟರಿನ ಹಿಂದೆ ಕೂತು ಬರುವುದು ಕಂಡರೆ ಸಾಕು, ಚಿನಕುರಳಿಯ ಅರ್ಧ ಅಂಗಡಿಗಳ ಬಾಗಿಲು ಮುಚ್ಚುತ್ತಿದ್ದವು ಅಂದರೆ ನೀವು ನಂಬಬೇಕು! ಅವರೇನು ಸಾಲ ವಸೂಲಿಯವರಲ್ಲ, ತೆರಿಗೆಯವರೂ ಅಲ್ಲ. ಬರೀ ಸಂಶೋಧನೆಯವರು. ಪಾಂಡವಪುರದ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಪಾಠ ಹೇಳುವ ಅತ್ತೆಗೆ ನಿವೃತ್ತಿ ಹತ್ತಿರ ಬಂದಾಗ ಪಿಎಚ್‌.ಡಿ. ಹುಚ್ಚು ಹತ್ತಿತು. ನಮ್ಮ ಕಡೆಯ ನಾಲ್ಕು ತಾಲ್ಲೂಕುಗಳಲ್ಲಿ ಬ್ಯಾಂಕುಗಳು ಹೇಗೆ ನಡೆಯುತ್ತಿವೆ, ಜನ ಫೋನಿನಲ್ಲಿ ದುಡ್ಡು ಕೊಡುವುದಕ್ಕೆ ಹೇಗೆ ಒಗ್ಗಿಕೊಂಡರು ಎಂಬುದೇ ವಿಷಯ. ಅವರಿಗೆ ಸ್ಕೂಟರ್ ಓಡಿಸಲು ಬರುವುದಿಲ್ಲ. ಅಣ್ಣನ ಮಗಳು ನಾನು ಮತ್ಯಾಕೆ ಇರುವುದು?

ಕೆ.ಆರ್. ಪೇಟೆಯ ಒಂದು ಮದುವೆಯಲ್ಲಿ ಅತ್ತೆ ಮುಯ್ಯಿ ಬರೆಯುವವರ ಪಕ್ಕ ಕುರ್ಚಿ ಹಾಕಿಸಿಕೊಂಡು, ಕವರ್ ಕೊಟ್ಟವರನ್ನೆಲ್ಲ ‘ಫೋನಿನಲ್ಲೇಕೆ ಹಾಕಲಿಲ್ಲ?’ ಎಂದು ವಿಚಾರಿಸತೊಡಗಿದರು. ಒಬ್ಬ ಅಜ್ಜ ಕೈಮುಗಿದ. “ಉಣ್ಣಕ್ಕೆ ಬಂದಿವ್ನಿ ಕಣವ್ವ, ಪರೀಕ್ಸೆ ಬರೆಯಕಲ್ಲ.”

ನಾಗಮಂಗಲದ ಬ್ಯಾಂಕಿನ ಸಾಲಿನಲ್ಲಿ ನಿಂತ ಹೆಂಗಸೊಬ್ಬಳದ್ದು ಇನ್ನೂ ಚೆಂದ. “ಫೋನಲ್ಲೇ ಮಾಡ್ಕೊಂಡ್ರೆ ಮನೇಲೆ ಕೂರ್ಬೇಕಲ್ಲ ಮೇಡಮ್ಮು? ಇಲ್ಲಿ ಆದ್ರೆ ಫ್ಯಾನೂ ಐತೆ, ನೆಂಟ್ರೂ ಸಿಗ್ತಾರೆ.” ಅತ್ತೆ ಅದನ್ನು ‘ಇತರ ಕಾರಣಗಳು’ ಎಂಬಲ್ಲಿ ಗುರುತು ಹಾಕಿಕೊಂಡರು.

ಇಷ್ಟೆಲ್ಲ ಊರಿಗೆ ಉಪದೇಶ ಮಾಡುವ ಅತ್ತೆಯ ಮನೆಯ ಕಥೆ ಏನು? ಬಾಬುರಾಯನಕೊಪ್ಪಲಿನಲ್ಲಿ ಮಾವನ ದಿನಸಿ ಅಂಗಡಿ. ಮೈಸೂರು ರಸ್ತೆಯ ಎಳನೀರಿನ ಗಾಡಿಗಳಲ್ಲೂ ಸ್ಕ್ಯಾನ್ ಮಾಡುವ ಚೀಟಿ ಇದೆ, ಮಾವನ ಅಂಗಡಿಯಲ್ಲಿ ಮಾತ್ರ ಇಲ್ಲ. “ಮೊದ್ಲು ನಿಮ್ ಯಜಮಾನ್ರತ್ರ ಅಂಟ್ಸಿ, ಆಮ್ಯಾಕೆ ನಮ್ಮುನ್ನ ಕೇಳಿ” ಎಂದು ಜನ ಕಿಚಾಯಿಸಿದಾಗೆಲ್ಲ ಅತ್ತೆಯ ಮುಖ ಸಣ್ಣಗಾಗುತ್ತಿತ್ತು.

ಮಾವನನ್ನು ಕೇಳಿದರೆ ಒಂದೇ ಉತ್ತರ. “ಫೋನಲ್ಲಿ ಬೋಣಿ ಆದ್ರೆ ಕಣ್ಗೆ ಏನ್ನ ಒತ್ಕೊಳ್ಳದು?”

ಮದುವೆಯಾದಂದಿನಿಂದ ಆ ಅಂಗಡಿಯ ಬೋಣಿ ಅತ್ತೆಯ ಕೈಯದೇ. ಕಾಲೇಜಿನ ಬಸ್ಸು ಹತ್ತುವ ಮೊದಲು ಅತ್ತೆ ನೋಟು ಕೊಟ್ಟು ಒಂದು ಬೆಂಕಿಪೊಟ್ಟಣ ತೆಗೆದುಕೊಳ್ಳಬೇಕು, ಮಾವ ನೋಟನ್ನು ಕಣ್ಣಿಗೊತ್ತಿಕೊಂಡು ಗಲ್ಲಾಪೆಟ್ಟಿಗೆಗೆ ಹಾಕಬೇಕು. ಅಲ್ಲಿಯವರೆಗೆ ಗಿರಾಕಿಗಳು ಕಾಯಬೇಕು. “ತಡೀರಪ್ಪ, ನಮ್ಮನೆಯವ್ರು ಬರ್ಲಿ.” ಅವರ ಮನೆಯ ಒಲೆಗೆ ಲೈಟರ್ ಇದೆ, ದೇವರ ಮುಂದೆ ಕರೆಂಟಿನ ದೀಪ. ಬೆಂಕಿಪೊಟ್ಟಣಗಳು ಅಕ್ಕಿಡಬ್ಬದ ಹಿಂದೆ, ಮಂಚದ ಕೆಳಗೆ, ಟಿವಿಯ ಮೇಲೆ. ನನಗೆ ದೀಪಾವಳಿ ಬಂದರೆ ಅವರ ಮನೆಯದೇ ಭಯ.

ಹೀಗಿರುವಾಗ ಬಿಂಡಿಗನವಿಲೆಯಲ್ಲಿ ಒಂದು ದಿನ, ಉತ್ತರ ಕೊಡದೆ ಜಾರಿಕೊಳ್ಳುತ್ತಿದ್ದ ಕುರಿಯವನನ್ನು ಅತ್ತೆ ಮಂದೆಯ ನಡುವೆಯೇ ಅಟ್ಟಿಸಿಕೊಂಡು ಹೋದರು. ಕುರಿಗಳು ಸಂಶೋಧನೆಗೆ ಸಹಕರಿಸಲಿಲ್ಲ. ಅತ್ತೆಯ ಕಾಲು ಮುರಿಯಿತು. ಮೈಸೂರಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವನನ್ನೂ “ಇಲ್ಲಿ ಜನ ಬಿಲ್ಲು ಹೇಗೆ ಕಟ್ಟುತ್ತಾರಪ್ಪ?” ಎಂದು ಕೇಳಿದರು.

ಆದರೆ ಅಂಗಡಿ? ಬಾಗಿಲೇ ತೆಗೆಯಲಿಲ್ಲ.

“ನಾನೇ ಬೋಣಿ ಮಾಡ್ತೀನಿ ಮಾವ” ಎಂದೆ.

“ನೀನು ಚಂದಾಗಿರು ಮಗ. ಆ ಕೈಯೇ ಬ್ಯಾರೆ ಕಣವ್ವ.”

ಹಳೆಯ ಗಿರಾಕಿಗಳು ಎದುರಿನ ಅಂಗಡಿಗೆ ಹೋಗತೊಡಗಿದರು. ಅದನ್ನು ಕೇಳಿ ಅತ್ತೆ ಆಸ್ಪತ್ರೆಯ ಮಂಚದಲ್ಲೇ ಅತ್ತರು. “ನನ್ನ ಕಾಲಿಂದ ಅವರ ಅಂಗಡಿ ಹಾಳಾಯ್ತಲ್ಲೇ.” ಅದನ್ನು ನಾನು ಹಾಗೇ ಮಾವನಿಗೆ ಹೇಳಿದೆ. ಅವರು ಅಂಗಡಿಯ ಬೀಗದ ಕೈಯನ್ನು ಜೇಬಿನಿಂದ ತೆಗೆದು ನೋಡಿದರು. ಆಮೇಲೆ ಕೇಳಿದರು, “ದುಡ್ಡು ಬಂತು ಅಂತ ಕೂಗ್ತದಲ್ಲ, ಆ ಡಬ್ಬ ಎಲ್ ಸಿಗ್ತದೆ ಮಗ?”

ಡಬ್ಬ ಬಂತು. ಸ್ಕ್ಯಾನ್ ಮಾಡುವ ಚೀಟಿಯ ಫೋಟೊ ತೆಗೆದು ಅತ್ತೆಗೆ ಕಳಿಸಿದೆ. ಮರುದಿನ ಬೆಳಿಗ್ಗೆ ಮಾವ ಬಾಗಿಲು ತೆಗೆದು, ನೀರು ಚಿಮುಕಿಸಿ, ಡಬ್ಬದ ಮುಂದೆ ಕೈಕಟ್ಟಿ ನಿಂತರು. ಗಿರಾಕಿಗಳೂ ನಿಂತರು. “ಹತ್ತು ರೂಪಾಯಿ ಸ್ವೀಕರಿಸಲಾಗಿದೆ” ಎಂದಿತು ಡಬ್ಬ. ಮಾವ ಅದನ್ನು ವೈರಿನ ಸಮೇತ ಎತ್ತಿ ಎರಡೂ ಕಣ್ಣಿಗೆ ಒತ್ತಿಕೊಂಡರು. ಯಾರೂ ನಗಲಿಲ್ಲ.

ಫೋನಿನಲ್ಲಿ ಇದನ್ನು ಹೇಳಿದಾಗ ನಾಲ್ಕು ತಾಲ್ಲೂಕನ್ನು ಮಾತಾಡಿಸಿದ ಅತ್ತೆ “ಎರಡೂ ಕಣ್ಣಿಗಾ?” ಎಂದಷ್ಟೇ ಕೇಳಿದರು.

ಸಂಜೆ ಮಾವ ಅಂಗಡಿ ಮುಚ್ಚಿ ಆಸ್ಪತ್ರೆಗೆ ಬಂದರು. ಜೇಬಿನಿಂದ ಒಂದು ಬೆಂಕಿಪೊಟ್ಟಣ ತೆಗೆದು ಅತ್ತೆಯ ದಿಂಬಿನ ಪಕ್ಕ ಇಟ್ಟರು.

“ಇಲ್ಲಿ ಇದನ್ನೆಲ್ಲ ಇಡಂಗಿಲ್ಲ” ಎಂದಳು ನರ್ಸಮ್ಮ.

“ಬೆಳಿಗ್ಗೇನೇ ದುಡ್ಡು ಕೊಟ್ಟವ್ರೆ ಕಣವ್ವ” ಎಂದರು ಮಾವ.