ಬಿಸಿ ಊಟದ ತರ್ಜುಮೆ

ಆ ಬುಧವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಎಲ್ಲವೂ ಎಂದಿನಂತೆಯೇ ನಡೆಯಿತು. ಹಾಲಿನ ಮುನೆಮ್ಮ, ಯಾರೂ ಕೇಳದಿದ್ದರೂ, ಹಾಲಿಗೆ ನೀರು ಬೆರೆಸಿಲ್ಲವೆಂದು ಆಣೆಯಿಟ್ಟು ಹೋದಳು. ಹಸಿ ಸೌದೆ ಉರಿಯುವುದಕ್ಕಿಂತ ಹೆಚ್ಚಾಗಿ ಹೊಗೆಯಾಡಿತು. ಕಚೇರಿಗೆ ಹೊರಟ ಯಜಮಾನರಿಗೆ ಬಡಿಸಿ, ಅವರು ಕೈತೊಳೆದು ಎದ್ದ ಮೇಲೆ, ಆರಿಹೋದ ಸಾರನ್ನು ಅನ್ನಕ್ಕೆ ಸುರಿದುಕೊಂಡು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತೆ. ಆದರೆ ಎರಡು ತುತ್ತಿಗೇ ತಟ್ಟೆ ಸರಿಸಿಬಿಟ್ಟೆ. ಮಧ್ಯಾಹ್ನ ನಮ್ಮ ಮಹಿಳಾ ಸೇವಾ ಸಂಘದ ವಾರದ ಸಭೆ. ಬೆಂಗಳೂರಿನ ದಂಡು ಪ್ರದೇಶದಿಂದ ಮಿಸೆಸ್ ದಲಾಲ್ ಎಂಬವರು ನಮ್ಮಲ್ಲಿ ಸ್ಫೂರ್ತಿ ತುಂಬಲು ಬರುವವರಿದ್ದರು. ಅವರು ಬೊಂಬಾಯಿಯವರು, ಕನ್ನಡವೂ ಬಾರದು, ತೆಲುಗೂ ಬಾರದು. ಅವರ ಇಂಗ್ಲೀಷನ್ನು ಕನ್ನಡಕ್ಕೆ ತಿರುಗಿಸಿ ಹೇಳುವ ಹೊಣೆ ನನ್ನದು.

"ಕಾನ್ವೆಂಟಿನಲ್ಲಿ ಓದಿದೋಳು, ನಿನಗೇನು ಭಯ?" ಎಂದು ಯಜಮಾನರು ತಲೆಯ ರುಮಾಲು ಸರಿಮಾಡಿಕೊಂಡು ಹೋಗಿಬಿಟ್ಟರು. ನಮ್ಮೂರು ಮುಳಬಾಗಿಲಿನಲ್ಲಿ ಆ ಬಿರುದು ಹೊತ್ತವರ ಕಷ್ಟ ಅವರಿಗೇನು ಗೊತ್ತು? ಯಾರ ಮನೆಗೆ ತಂತಿ ಬಂದರೂ ಓದಲು ನಾನು. ಔಷಧಿ ಸೀಸೆಯ ಮೇಲಿನ ಚೀಟಿಗೂ ನಾನು. ನಿಜ ಹೇಳಬೇಕೆಂದರೆ ಕಾನ್ವೆಂಟಿನ ಸನ್ಯಾಸಿನಿ ತಾಯಂದಿರು ನನಗೆ ಕಲಿಸಿದ್ದು ಕರವಸ್ತ್ರದ ಅಂಚು ಹೊಲಿಯುವುದು, ಸದ್ದು ಮಾಡದೆ ಕಾಫಿ ಕುಡಿಯುವುದು ಮತ್ತು ಯಾವ ಕಾಲಕ್ಕೂ ಸುಳ್ಳು ಹೇಳದಿರುವುದು. ಈ ಮೂರನೆಯದನ್ನು ಕಲಿಸುವಾಗ ಅವರು ನಮ್ಮ ಪಕ್ಕದ ಮನೆಯ ವೆಂಕಟಲಕ್ಷ್ಮಮ್ಮನವರನ್ನು ನೋಡಿರಲಿಲ್ಲ.

ವೆಂಕಟಲಕ್ಷ್ಮಮ್ಮನವರದು ಪೇಟೆಯಲ್ಲಿ ಹೆಸರಾದ ಜವಳಿ ಅಂಗಡಿಯ ಮನೆತನ. ಸಂಘ ಸೇರುತ್ತಿದ್ದುದು ಅವರ ಮನೆಯ ಪಡಸಾಲೆಯಲ್ಲಿ. ನಮ್ಮ ಒಂದೇ ಒಂದು ಹೊಲಿಗೆ ಮಿಷನ್ನು ಇದ್ದದ್ದೂ ಅಲ್ಲೇ. ಗಂಡನನ್ನು ಕಳೆದುಕೊಂಡ ನಾಲ್ಕಾರು ಹೆಣ್ಣುಮಕ್ಕಳು ಅದರ ಮುಂದೆ ಸರದಿಯಲ್ಲಿ ಕೂತು ರವಿಕೆ ಹೊಲಿಯುವುದನ್ನು ಕಲಿಯುತ್ತಿದ್ದರು. ಊರಿನಲ್ಲಿ ಬೇರೆ ಯಾರೂ ನಮಗೆ ಜಾಗ ಕೊಡಲು ಒಪ್ಪಿರಲಿಲ್ಲ. ಇವರು ಒಪ್ಪಿದ್ದರು, ಒಂದು ಷರತ್ತಿನ ಮೇಲೆ: "ನೋಡಮ್ಮಾ, ಲೋಕದ ಮಾತು ಏನು ಬೇಕಾದ್ರೂ ಆಡ್ಕೊಳ್ಳಿ. ಅತ್ತೆ ಸೊಸೆ ಮಾತು ಎತ್ತಿದ್ರೋ, ಅವತ್ತೇ ಚಾಪೆ ಸುತ್ಕೊಂಡು ಹೋಗ್ತಾ ಇರಿ." ಸಭೆಯ ಹೊತ್ತಿನಲ್ಲಿ ಅವರು ತೂಗುಮಣೆಯ ಮೇಲೆ ಕೂತಿರುತ್ತಿದ್ದರು. ಅದರ ಸರಪಳಿ ಕಿರ್ ಕಿರ್ ಎನ್ನುತ್ತಿದ್ದರೆ ಕ್ಷೇಮ. ನಿಂತಿತೆಂದರೆ ಯಾರದೋ ಗ್ರಹಚಾರ ಕೆಟ್ಟಿತೆಂದು ಅರ್ಥ.

ಮಿಸೆಸ್ ದಲಾಲ್ ಬಂದರು. ಬಲಭುಜದ ಮೇಲೆ ಸೆರಗು, ಕಾಲಿಗೆ ಬೂಟ್ಸು, ಮುಖದ ತುಂಬ ನಗು. ಮೊದಲರ್ಧ ಮಾತೆಲ್ಲ ಶುಚಿತ್ವ, ಗಾಳಿ, ಬೆಳಕು. ನನ್ನ ತರ್ಜುಮೆಯೂ ತೂಗುಮಣೆಯೂ ಒಂದೇ ಲಯದಲ್ಲಿ ಸಾಗಿದವು. ಆಮೇಲೆ ಅವರು ದನಿ ತಗ್ಗಿಸಿ ಇಂಗ್ಲೀಷಿನಲ್ಲಿ ಹೇಳಿದರು: ಈ ದೇಶದಲ್ಲಿ ಸೊಸೆ ಎಲ್ಲರದೂ ಆದ ಮೇಲೆ ತಂಗಳು ಉಣ್ಣುತ್ತಾಳೆ. ಇವತ್ತಿನಿಂದ ಅತ್ತೆಯೂ ಸೊಸೆಯೂ ಒಟ್ಟಿಗೆ ಕೂತು ಊಟ ಮಾಡಬೇಕು.

ಎಲ್ಲರೂ ನನ್ನತ್ತ ತಿರುಗಿದರು. ಅಡಿಗೆಮನೆಯ ಬಾಗಿಲಲ್ಲಿ ವೆಂಕಟಲಕ್ಷ್ಮಮ್ಮನವರ ಸೊಸೆ ಕಮಲ ಮಾವಿನ ಹೋಳಿನ ತಟ್ಟೆ ಹಿಡಿದು ನಿಂತಿದ್ದಳು. ಮೂಲೆಯಲ್ಲಿದ್ದ ಹೊಲಿಗೆ ಮಿಷನ್ನು ಕಣ್ಣಿಗೆ ಬಿತ್ತು.

"ಎಲ್ಲರೂ... ಹೊತ್ತಿಗೆ ಸರಿಯಾಗಿ ಬಿಸಿಬಿಸಿಯಾಗಿ ಊಟ ಮಾಡಬೇಕಂತೆ," ಎಂದೆ.

"ಅಯ್ಯೋ ಪಾಪ," ಎಂದರು ಮುಂದಿನ ಸಾಲಿನಲ್ಲಿದ್ದ ಖೈರುನ್ ಬೀ. "ಇಷ್ಟು ಹೇಳೋಕೆ ಅಷ್ಟು ದೂರದಿಂದ ಬಸ್ಸಿನಲ್ಲಿ ಬಂದ್ರಾ!"

ಇಲ್ಲಿಗೆ ಗಂಡಾಂತರ ಕಳೆಯಿತೆಂದುಕೊಂಡೆ. ಮಿಸೆಸ್ ದಲಾಲ್ ಬಿಡಲಿಲ್ಲ. ಹಾಗೆ ಮಾಡಲು ಒಪ್ಪುವವರು ಕೈಯೆತ್ತಿ ಎಂದರು. ಅದನ್ನು ಮಾತ್ರ ಅಕ್ಷರಶಃ ತಿರುಗಿಸಿದೆ. ಬಿಸಿ ಊಟ ಬೇಡವೆನ್ನುವವರು ಯಾರು? ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಎತ್ತರಕ್ಕೆ, ಬಳೆಗಳು ಮೊಳಕೈಗೆ ಜಾರುವಂತೆ ಕೈಯೆತ್ತಿದವರು ವೆಂಕಟಲಕ್ಷ್ಮಮ್ಮನವರು! ಅತಿಥಿಯ ಕಣ್ಣಲ್ಲಿ ನೀರಾಡಿತು. ಬೆಂಗಳೂರಿನಲ್ಲಿ ಒಬ್ಬಳೂ ಕೈಯೆತ್ತಿರಲಿಲ್ಲವೆಂದು ನನ್ನ ಕಿವಿಯಲ್ಲಿ ಹೇಳಿ, ನೆಟ್ಟಗೆ ಬಾಗಿಲಿಗೆ ನಡೆದು, ಮನೆಯ ಸೊಸೆಯೆಂದು ಬಂದಾಗಲೇ ನಾನು ಪರಿಚಯಿಸಿದ್ದ ಕಮಲಳ ರಟ್ಟೆ ಹಿಡಿದು ತಂದು, ತಟ್ಟೆಯ ಸಮೇತ ಅತ್ತೆಯ ಪಕ್ಕದಲ್ಲಿ ತೂಗುಮಣೆಯ ಮೇಲೆ ಕೂರಿಸಿಬಿಟ್ಟರು.

ಕಿರ್ ಕಿರ್ ನಿಂತಿತು.

ಪಡಸಾಲೆಯಲ್ಲಿ ಬೀಸಣಿಗೆಗಳೂ ನಿಂತವು. ಕಮಲಳ ಕೈಯಲ್ಲಿದ್ದ ತಟ್ಟೆ ವಾಲಿ, ರಾಯಲ್ಪಾಡಿನ ತೋಪಿನ ಮಾವಿನ ರಸ ಅತ್ತೆಯ ಸೀರೆಯ ಅಂಚಿಗೆ ಒಂದು ಹನಿ ತೊಟ್ಟಿಕ್ಕಿತು. ಆ ಹನಿ ನೆರಿಗೆಯೊಳಗೆ ಇಳಿಯುವುದನ್ನೇ ನಾನು ನೋಡುತ್ತಿದ್ದೆ. ತಲೆಯೆತ್ತಿ ಅವರ ಮುಖ ನೋಡುವ ಧೈರ್ಯವಿರಲಿಲ್ಲ.

"ಏಮ್ಮಾ," ಎಂದರು ವೆಂಕಟಲಕ್ಷ್ಮಮ್ಮನವರು, ಬಹಳ ಮೆತ್ತಗೆ. "ಏನು ಇದೆಲ್ಲ?"

ಬಿಸಿ ಊಟದ ಕಥೆ ಮುಂದುವರಿಸೋಣವೆಂದರೆ ಮಾವಿನ ಹೋಳು ತಣ್ಣಗಿತ್ತು. ನನಗೆ ಬೇರೆ ದಾರಿ ಉಳಿಯಲಿಲ್ಲ. "ಕೈಯೆತ್ತಿದವರು ಸೊಸೆಯ ಜೊತೆ ಕೂತು ಉಣ್ಣಬೇಕಂತೆ, ಅಮ್ಮಾ," ಎಂದೆ.

"ನಾನು ಕೈಯೆತ್ತಿದ್ದು ಅದಕ್ಕಾ?"

"ಹೂಂ."

ಚಾಪೆಗಳನ್ನು ಯಾರು ಹೊರಬೇಕು, ಮಿಷನ್ನಿಗೆ ಗಾಡಿ ಎಲ್ಲಿ ಸಿಗುತ್ತದೆ ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕತೊಡಗಿದೆ. ವೆಂಕಟಲಕ್ಷ್ಮಮ್ಮನವರು ಸಭೆಯನ್ನೊಮ್ಮೆ ನೋಡಿದರು, ತಮ್ಮ ಬಲಗೈಯನ್ನೊಮ್ಮೆ ನೋಡಿಕೊಂಡರು, ಅದು ಬೇರೆ ಯಾರದೋ ಕೈ ಎನ್ನುವ ಹಾಗೆ. ಆಮೇಲೆ ಒಂದು ಹೋಳು ತೆಗೆದುಕೊಂಡರು.

"ನಮ್ಮದು ಅಂಗಡಿ ಮನೆ. ನಾಲ್ಕು ಜನರ ಮುಂದೆ ಒಪ್ಪಿದ್ದನ್ನ ಆಮೇಲೆ ಇಲ್ಲ ಅನ್ನೋಲ್ಲ. ತಿನ್ನೇ ಕಮಲಾ. ಹಾಗೆ ತುದೀಲಿ ಕೂತ್ರೆ ಬೀಳ್ತೀಯ, ಸರಪಳಿ ಹಿಡ್ಕೋ."

ಸ್ವಲ್ಪ ಹೊತ್ತಾದ ಮೇಲೆ ಕಿರ್ ಎಂದಿತು. ಮತ್ತೊಮ್ಮೆ ಕಿರ್. ಮಿಸೆಸ್ ದಲಾಲ್ ನನ್ನ ಕೈಕುಲುಕಿ, ಇಷ್ಟು ಸೊಗಸಾದ ತರ್ಜುಮೆಯನ್ನು ತಾನು ಬೇರೆಲ್ಲೂ ಕಂಡಿಲ್ಲವೆಂದರು. ನಾನು ತಾಯಂದಿರು ಕಲಿಸಿದ ಹಾಗೆ ಸದ್ದಿಲ್ಲದೆ ನೀರು ಕುಡಿದೆ.

ಸಂಜೆ ದೀಪ ಹಚ್ಚಿ, ಅಡಿಗೆ ಇಳಿಸಿ, ಪಾತ್ರೆಗಳಿಗೆ ತಟ್ಟೆ ಮುಚ್ಚಿ ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದೆ. ಯಜಮಾನರು ಅಮಲ್ದಾರರ ಮನೆಗೆ ಇಸ್ಪೀಟು ಆಡಲು ಹೋಗಿದ್ದರು. ಬೆಳಗಿನ ಅರೆಹೊಟ್ಟೆ ಈಗ ಬಾಯಿಬಿಟ್ಟು ಮಾತಾಡತೊಡಗಿತ್ತು. ಗೋಡೆಯಾಚೆ ಕೈತೊಳೆಯುವ ಸದ್ದು, ಎರಡು ಜೊತೆ ಬಳೆಗಳ ಸದ್ದು. ವೆಂಕಟಲಕ್ಷ್ಮಮ್ಮನವರ ತಲೆ ಗೋಡೆಯ ಮೇಲೆ ಕಾಣಿಸಿತು.

"ನಮ್ಮಿಬ್ಬರದೂ ಆಯ್ತಮ್ಮಾ ಊಟ. ನಿಂದು?"

"ಇನ್ನೂ ಇಲ್ಲ. ಅವರು ಬರಲಿ ಅಂತ..."

"ಅಯ್ಯೋ," ಎಂದು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಅವರು ಒಳಕ್ಕೆ ತಿರುಗಿದರು, "ಹೊತ್ತಿಗೆ ಸರಿಯಾಗಿ ಬಿಸಿಬಿಸಿಯಾಗಿ ಉಣ್ಣಿ ಅಂತ ಊರಿಗೆಲ್ಲ ಹೇಳಿದೋಳು ನೀನೇ ಅಲ್ವೇನಮ್ಮಾ!"